ಹಿಂದೆ ಗಾಜಿಲ್ಲದ ವ್ಯಾನು

ಜೂನ್ 2, ಸೋಮವಾರ, ಸಂಜೆ

ಕಾರಿನ ಡಿಕ್ಕಿ ಖಾಲಿ ಮಾಡಿದೆ. ಕಿವಿಯ ಶಕ್ತಿ ಅಳೆಯುವ ಆಡಿಯೋಮೀಟರ್ ಪೆಟ್ಟಿಗೆ, ಹೆಡ್‌ಫೋನು, ಕಿವಿಯೊಳಗೆ ನೋಡುವ ಟಾರ್ಚು, ಹತ್ತಿಯ ಉಂಡೆ, ಇವರ ಒಂದೇ ಒಂದು ಹಳೇ ಚಪ್ಪಲಿ. ಜೊತೆಯದು ಎಲ್ಲಿ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಕಾರು ಕ್ಲಿನಿಕ್ಕಿನದು, ನಾಳೆಯಿಂದ ಬೇರೆ ಯಾರ ಪಾಲಿಗೋ. ಮದುವೆಗೆ ಮುಂಚಿನಿಂದ ಇದರಲ್ಲೇ ಕಾರ್ಖಾನೆ ಕಾರ್ಖಾನೆ ಸುತ್ತಿ ಕೆಲಸಗಾರರ ಕಿವಿ ಪರೀಕ್ಷೆ ಮಾಡಿದ್ದು. ಬೀಗದ ಕೈ ಕೊಡುವ ಮೊದಲು ಸೀಟನ್ನು ಒಮ್ಮೆ ಒರೆಸಿದೆ. ಹುಚ್ಚು.

ಕ್ಲಿನಿಕ್ಕಿನ ಡಾಕ್ಟರಿಗೆ ಕಾರಿನ ಬದಲು ಬಂದಿರುವ ವ್ಯಾನಿನ ಸಂಭ್ರಮ. "ಇನ್ಮೇಲೆ ಹೋದಲ್ಲೆಲ್ಲ ಒಂದು ರೂಮು ಕೊಡಿ, ಫ್ಯಾನು ಆರ್ಸಿ ಅಂತ ಬೇಡೋ ಹಾಗಿಲ್ಲಮ್ಮ. ರೂಮನ್ನೇ ತಗೊಂಡು ಹೋಗ್ತೀಯ." ವ್ಯಾನಿನ ಹಿಂಭಾಗದಲ್ಲಿ ಕಿವಿ ಪರೀಕ್ಷೆಯ ಬೂತು. ದಪ್ಪ ಗೋಡೆ, ಒಂದು ಕುರ್ಚಿ, ಅಂಗೈಯಗಲದ ಕಿಟಕಿ. ಬಾಗಿಲು ಹಾಕಿದರೆ ಹೊರಗೆ ಗುಡುಗಿದರೂ ಗೊತ್ತಾಗದು. ಒಳಗೆ ಕೂತು ನೋಡಿದೆ. ನನ್ನ ಉಸಿರೇ ಗಲಾಟೆ ಅನ್ನಿಸಿತು.

ಬೂತು ಇರುವುದರಿಂದ ಹಿಂದೆ ಗಾಜಿಲ್ಲ. ಪಕ್ಕದ ಕನ್ನಡಿಯಲ್ಲಿ ಎರಡು ಬದಿ ಕಾಣುತ್ತವೆ, ನಡುವೆ ಕುರುಡು. ರಿವರ್ಸ್ ಹಾಕಿದರೆ ಬೀಪ್ ಬೀಪ್ ಎನ್ನುತ್ತದೆ. "ನೀನು ನೋಡೋದೇ ಬೇಡ. ಹಿಂದೆ ಇರೋರು ಕೇಳಿಸ್ಕೊಂಡು ಸರೀತಾರೆ" ಎಂದರು ಡಾಕ್ಟರು.

ಜೂನ್ 5, ಗುರುವಾರ

ವ್ಯಾನು ಮನೆಗೆ ಬಂತು. ಅರ್ಧ ಬೀದಿ ನಮ್ಮದಾಯಿತು. ಎದುರುಮನೆಯವರು ಕಿಟಕಿ ತೆಗೆದು ನೋಡಿ, ಹಾಕಿಕೊಂಡರು.

ನಮ್ಮ ಬೀದಿ ಏರು. ಕಾರಾದರೆ ಹ್ಯಾಂಡ್‌ಬ್ರೇಕಿನಲ್ಲಿ ನಿಲ್ಲುತ್ತಿತ್ತು. ಈ ಆನೆಗೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲೇಬೇಕು. ಇವರು ಎಲ್ಲಿಂದಲೋ ಒಂದು ಕಪ್ಪು ಕಲ್ಲು ಹೊತ್ತು ತಂದರು. "ಇಡೋದೂ ನಾನೇ, ಬೆಳಿಗ್ಗೆ ತೆಗ್ಯೋದೂ ನಾನೇ. ನಿನ್ನ ತಲೇಲಿ ಅದೆಲ್ಲ ನಿಲ್ಲಲ್ಲ." ನನ್ನ ಮೇಲೆ ಇವರಿಗೆ ಅಷ್ಟು ನಂಬಿಕೆ.

ನಿಲ್ಲಿಸುವಾಗ ಹಿಂದೆ ಮುಂದೆ ಆಡಿಸಿದೆ. ಇವರು ಬದಿಯಲ್ಲಿ ನಿಂತು ಬರಲಿ ಬರಲಿ ಎಂದು ಕೈಬೀಸುತ್ತಿದ್ದರು. ಇಳಿದ ಮೇಲೆ ಕೇಳಿದರು —

"ರಿವರ್ಸಲ್ಲಿ ಬೀಪ್ ಹೊಡಿಯುತ್ತೆ ಅಂದಿದ್ಯಲ್ಲ?"

"ಹೊಡೀತಿತ್ತಲ್ರೀ."

"ಎಲ್ಲಿ?"

ಒಳಗಿನಿಂದ ಅತ್ತೆ, "ಅದೇನದು ಕೋಳಿಮರಿ ಕೂಗಿದ ಹಾಗೆ! ನಿಲ್ತಾ?" ಎಂದರು. ಅತ್ತೆಗೆ ಎಪ್ಪತ್ತು ದಾಟಿದೆ. ನಾನು ಡಬ್ಬಿಯ ಮುಚ್ಚಳ ತೆಗೆದರೆ ಯಾವ ಡಬ್ಬಿ ಎಂದು ಹೇಳುತ್ತಾರೆ. ಅವರ ಮಗನಿಗೆ ನಲವತ್ತಾರು. ಇಡೀ ದಿನ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸ, ತಲೆಯ ಪಕ್ಕದಲ್ಲೇ ಧಡ್ ಧಡ್. ಮೊದಲು ಹೋಗುವುದು ಹೀಗೆ ಸಣ್ಣಗೆ ಕೂಗುವ ಸದ್ದುಗಳೇ. ನನ್ನ ಕಸುಬೇ ಅದು, ಗೊತ್ತಿಲ್ಲದೆ ಏನು?

ಇವರು ನಕ್ಕರು. ನಾನೂ ನಕ್ಕೆ.

ಜೂನ್ 11, ಬುಧವಾರ

ಕಾರಿನಲ್ಲಿ ಇವರ ಬಲಗಿವಿ ನನ್ನ ಕಡೆಗಿರುತ್ತಿತ್ತು. ಅದು ಸ್ವಲ್ಪ ವಾಸಿ. ದಿನಾ ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ಬಿಡುವವರೆಗೆ ಹರಟೆ. ಅತ್ತೆಯ ಮೇಲಿನ ಚಾಡಿ, ಸಂತೆಯ ಬೆಲೆ, ಹಿಂದಿನ ದಿನದ ಜಗಳದ ಉಳಿದ ಭಾಗ. ವ್ಯಾನಿನಲ್ಲಿ ನಮ್ಮಿಬ್ಬರ ನಡುವೆ ಎಂಜಿನ್ನು ಕೂತಿದೆ. ಏನಾದರೂ ಅಂದರೆ "ಆಂ?" ಎನ್ನುತ್ತಾರೆ. ಮತ್ತೆ ಅಂದರೆ ತಲೆಯಾಡಿಸುತ್ತಾರೆ, ಕೇಳಿಸಿದವರ ಹಾಗೆ. ಇವತ್ತು ಮೂರನೆಯ ಸಲ ಹೇಳಲು ಹೋಗಲಿಲ್ಲ. ಕಾರು ಹೋದ ಮೇಲೆ ತಿಳಿಯಿತು, ನಾವು ಮಾತಾಡುತ್ತಿದ್ದದ್ದು ಕಾರಿನಲ್ಲಿ ಮಾತ್ರ.

ಇವರನ್ನು ಮೊದಲು ನೋಡಿದ್ದೂ ಕಿವಿ ಟೆಸ್ಟಿನಲ್ಲೇ. ಟೈಮ್‌ಕೀಪರ್ ರೂಮು, ಮೇಜಿನ ಮೇಲೆ ನನ್ನ ಪೆಟ್ಟಿಗೆ, ಎದುರಿಗೆ ಇವರು. ಸದ್ದು ಕೇಳಿಸಿದರೆ ಬೆರಳು ಎತ್ತಬೇಕು, ಅಷ್ಟೇ. ನಾನು ಬಟನ್ ಒತ್ತುವ ಮೊದಲೇ ಎತ್ತಿದರು. "ಏನ್ರೀ ಕೇಳಿಸ್ತು? ನಾನಿನ್ನೂ ಒತ್ತೇ ಇಲ್ಲ" ಎಂದೆ. "ಒತ್ತೀರಲ್ಲ ಹೇಗಿದ್ರೂ" ಎಂದರು. ಮತ್ತೆ ಒತ್ತುವ ಮೊದಲೇ ಎತ್ತಿದರು. ಮೂತಿಗೆ ತಿವಿದ ಹಾಗೆ ಬೈದೆ. ಮುಂದಿನ ವರ್ಷ ಮದುವೆ.

ಗುಟ್ಟು ಹೇಳಿದ್ದು ಮದುವೆಯಾದ ಮೇಲೆ. ನಾನು ಬಟನ್ ಒತ್ತುವಾಗ ನನ್ನ ಗದ್ದ ತುಸು ಕೆಳಗಿಳಿಯುತ್ತದಂತೆ. ಇಡೀ ಪ್ರೆಸ್ ಶಾಪಿಗೇ ಗೊತ್ತಂತೆ. ಎಲ್ಲರೂ ಗದ್ದ ನೋಡಿಯೇ ಬೆರಳೆತ್ತುವುದು. "ನಿನ್ನ ಗದ್ದದಿಂದ ಎಷ್ಟು ಸಂಸಾರ ನಡೀತಿದೆ ಗೊತ್ತಾ?" ಎಂದಿದ್ದರು. ಆಗ ನಗು ಬಂದಿತ್ತು. ಇಷ್ಟು ವರ್ಷ ತಿದ್ದಿಕೊಳ್ಳಲೂ ಇಲ್ಲ.

ಜೂನ್ 20, ಶುಕ್ರವಾರ

ಸೋಮವಾರದಿಂದ ಇವರ ಪ್ರೆಸ್ ಶಾಪಿನವರ ಟೆಸ್ಟು. ಕಾರ್ಖಾನೆಯ ಸೇಫ್ಟಿ ಸಾಹೇಬರು ಫೋನ್ ಮಾಡಿದ್ದರು. "ಹೋದ ವರ್ಷದ ತನಕ ರೂಮಲ್ಲಿ ಗದ್ದಲ ಇತ್ತು ಅಂತ ನಿಮ್ಮ ಡಾಕ್ಟ್ರೇ ಬರೆದು ಫೇಲಾದೋರನ್ನೂ ಬಿಟ್ಬಿಡ್ತಿದ್ರು. ಈಗ ಆ ನೆಪ ಇಲ್ಲ ಮೇಡಂ. ಕೇಳಿಸದೇ ಇರೋರನ್ನ ಪ್ರೆಸ್ ಹತ್ರ ನಿಲ್ಸೋ ಹಾಗಿಲ್ಲ. ಹೊರಗೆ ಹಾಕಲ್ಲ, ಬೇರೆ ಕೆಲಸ ಕೊಡ್ತೀವಿ."

ಬೇರೆ ಕೆಲಸ ಅಂದರೇನು ಎಂದು ಇವರಿಗೆ ಗೊತ್ತು. ಹಿಂದೆ ಒಬ್ಬರಿಗೆ ಕೊಟ್ಟಿದ್ದರು. ಗೇಟಿನಲ್ಲಿ ಸುಮ್ಮನೆ ಕೂರುವುದು. ಎರಡು ತಿಂಗಳಿಗೆ ಮನುಷ್ಯ ತಾನಾಗಿ ಬಿಟ್ಟು ಹೋದ. ಹಾಗೆ ಹೋಗಲಿ ಎಂದೇ ಕೂರಿಸುವುದು.



ಜೂನ್ 23, ಸೋಮವಾರ

ಮೊದಲ ದಿನ. ಪ್ರೆಸ್ ಶಾಪಿನ ಮುಂದಿನ ಅಂಗಳವೂ ಏರು, ವ್ಯಾನಿಗೆ ಅಲ್ಲೂ ಕಲ್ಲು. ಬೂತಿನ ಕುರ್ಚಿ ಗೋಡೆಗೆ ಮುಖ ಮಾಡಿದೆ. ಕೂತವರಿಗೆ ನಾನು ಕಾಣುವುದಿಲ್ಲ. ಒಬ್ಬೊಬ್ಬರೂ ಒಳಗೆ ಹೋಗಿ, ಕೂತು, ತಿರುಗಿ ತಿರುಗಿ ನನ್ನನ್ನು ಹುಡುಕಿದರು.

ಹಾಡುಗಾರ ಬಂದರು. ಹೆಸರು ಹಿಡಿದು ಕರೆಯುವವರಿಲ್ಲ, ಪ್ರೆಸ್ ತಾಳಕ್ಕೆ ಸರಿಯಾಗಿ ದಿನವಿಡೀ ಗುನುಗುತ್ತಾರೆಂದು ಹಾಡುಗಾರ. ಸದ್ದು ಕೊಟ್ಟೆ. ಬೆರಳು ಏಳಲಿಲ್ಲ. ಜೋರು ಮಾಡಿದೆ. ಇಲ್ಲ. ಇನ್ನೂ ಜೋರು ಮಾಡಿದೆ. ಅಷ್ಟಕ್ಕೆ ನಾನಾಗಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಆಗ ಎತ್ತಿದರು, ಅದೂ ಅನುಮಾನದಿಂದ. ಹೊರಗೆ ಬಂದು ಒಂದು ಥರ ನಕ್ಕರು.

"ಮೇಡಂ, ಗದ್ದ ಎಲ್ಲಿ ಹೋಯ್ತು?"

ಗ್ರಾಫ್ ಬರೆದೆ. ಬಲಕ್ಕೆ ಹೋಗುತ್ತಾ ಗೆರೆ ಬಾವಿಗೆ ಇಳಿದ ಹಾಗೆ ಇಳಿಯಿತು.

ಜೂನ್ 24, ಮಂಗಳವಾರ, ಬೆಳಿಗ್ಗೆ

ವ್ಯಾನು ಹೊರಡುವ ಮೊದಲು ಇವರು ಎಂಜಿನ್ ಆರಿಸಿದರು. ಮಾತಾಡಬೇಕು ಎಂದರೆ ಈಗ ಹಾಗೇ ಮಾಡಬೇಕು.

"ಗುರುವಾರ ನನ್ನ ಸರದಿ."

"ಗೊತ್ತು."

"ಕುರ್ಚಿ ಒಂಚೂರು ಈ ಕಡೆ ತಿರುಗಿಸು. ಒಂಚೂರು ಸಾಕು."

"ಬೇರೆಯವರಿಗೆ ತಿರುಗಿಸ್ಲಿಲ್ಲ ನಾನು."

"ಬೇರೆಯವರನ್ನ ನೀನು ಮದ್ವೆ ಆಗಿಲ್ಲ."

ತಮಾಷೆಯ ಮುಖ ಇರಲಿಲ್ಲ. "ನಂಗೆ ಬೇರೆ ಕೆಲಸ ಬರಲ್ಲ ಕಣೇ. ಇಪ್ಪತ್ತು ವರ್ಷದ ಕೈ ಇದು. ಗೇಟಲ್ಲಿ ಕೂತ್ರೆ ಆರು ತಿಂಗಳಲ್ಲಿ ಸತ್ತು ಹೋಗ್ತೀನಿ." ಆಮೇಲೆ ತಾವೇ ಇಳಿದು, ಹಿಂದೆ ಹೋಗಿ, ಕಲ್ಲು ತೆಗೆದು, ವ್ಯಾನಿನ ಬದಿಗೆ ಎರಡು ಸಲ ತಟ್ಟಿದರು. ಹೊರಡು ಎಂದು.

ಜೂನ್ 26, ಗುರುವಾರ

ಕುರ್ಚಿ ತಿರುಗಿಸಿದೆ.

ಅಂಗೈಯಗಲದ ಕಿಟಕಿಯಲ್ಲಿ ಇವರ ಎರಡು ಕಣ್ಣು. ರೆಪ್ಪೆ ಬಡಿಯದೆ ನನ್ನ ಗದ್ದವನ್ನು ನೋಡುತ್ತಿದ್ದವು. ಒತ್ತಿದಾಗೆಲ್ಲ ಬೆರಳು ಎದ್ದಿತು. ಮದುವೆಯಾದ ಹೊಸದರಲ್ಲೂ ನನ್ನನ್ನು ಇಷ್ಟು ನೋಡಿರಲಿಲ್ಲ. ಗ್ರಾಫ್ ಚಂದ ಬಂತು, ಹದಿನೆಂಟರ ಹುಡುಗನದರ ಹಾಗೆ. ಅತಿಯಾಯಿತೆಂದು ಒಂದೆರಡು ಕಡೆ ನಾನೇ ಕೆಳಗಿಳಿಸಿದೆ.

ಮುಂದಿನವರು ಬರುವ ಮೊದಲು ಕುರ್ಚಿಯನ್ನು ಗೋಡೆಗೆ ತಿರುಗಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನಾಚಿಕೆಯಾಗುತ್ತಿದೆ. ನೆಮ್ಮದಿಯೂ ಆಗುತ್ತಿದೆ. ಎರಡೂ ನಿಜ.

ಜುಲೈ 3, ಗುರುವಾರ

ಪ್ರೆಸ್ ಶಾಪಿನಲ್ಲಿ ಒಟ್ಟು ಎಂಟು ಜನ ಫೇಲು. ಹಾಡುಗಾರನನ್ನು ಗೇಟಿಗೆ ಹಾಕಿದ್ದಾರೆ. ವ್ಯಾನು ಹಾದುಹೋಗುವಾಗ ಎದ್ದು ನಿಂತು ಗೇಟು ತೆಗೆಯುತ್ತಾರೆ. ಬಾಯಿ ಮುಚ್ಚಿರುತ್ತದೆ. ಅಲ್ಲಿ ಗುನುಗಲು ತಾಳವಿಲ್ಲ.

ಹೋದವರ ಪ್ರೆಸ್ಸುಗಳನ್ನು ನಿಲ್ಲಿಸುತ್ತಾರೆಯೇ? ಪಾಸಾದವರಿಗೆ ಹಂಚಿದ್ದಾರೆ. ಇವರಿಗೆ ದೊಡ್ಡ ಪ್ರೆಸ್ಸು, ಅರ್ಧ ಶಿಫ್ಟು ಜಾಸ್ತಿ. ಕಿವಿ ಗಟ್ಟಿ ಅಂತ. ಮನೆಗೆ ಬಂದವರು ಅತ್ತೆ ಕೂಗಿದರೂ ತಿರುಗಲಿಲ್ಲ. ಭುಜ ಮುಟ್ಟಿದರೆ ಬೆಚ್ಚಿದರು. ಕೆಲಸ ಉಳಿಸಿಕೊಟ್ಟೆ ಎಂದುಕೊಂಡಿದ್ದೆ. ಉಳಿದಿದ್ದ ಕಿವಿಯನ್ನೂ ನಾನೇ ಎತ್ತಿ ಕೊಟ್ಟ ಹಾಗಾಗಿದೆ.

ಜುಲೈ 8, ಮಂಗಳವಾರ

ಇವರಿಗೆ ಬೆಳಗಿನ ಶಿಫ್ಟು, ಬೇಗ ಹೋದರು. ಹೋಗುವಾಗ ಕಲ್ಲು ತೆಗೆಯಲಿಲ್ಲ, ವ್ಯಾನು ಹೊರಡುವವರೆಗೆ ತೆಗೆಯುವ ಹಾಗೂ ಇಲ್ಲ. ನಾನು ಮರೆತು ರಿವರ್ಸ್ ಹಾಕಿದೆ. ಚಕ್ರ ಕಲ್ಲಿನ ಮೇಲೆ ಹತ್ತಿ ಧೊಪ್ಪೆಂದಿತು. ಬೂತಿನ ಬಾಗಿಲು ತಾನೇ ತೆರೆದುಕೊಂಡಿತು. ಅತ್ತೆ ಅದನ್ನೂ ಕೇಳಿಸಿಕೊಂಡು ಸಂಜೆ ಮಗನಿಗೆ ವರದಿ ಒಪ್ಪಿಸಿದರು.

"ನಾನಿಲ್ದೆ ಇದ್ರೆ ನಿಂಗೆ ಒಂದು ಕಲ್ಲು ತೆಗ್ಯಕ್ಕೂ ಬರಲ್ಲ" ಎಂದರು ಇವರು.

ಸಿಟ್ಟು ಬಂತು. ನಾಳೆ ಪೇಂಟ್ ಸೆಕ್ಷನ್ನಿನವರ ಟೆಸ್ಟು, ಅದೇ ಅಂಗಳದಲ್ಲಿ. ಕಲ್ಲು ನಾನೇ ಇಡುತ್ತೇನೆ, ನಾನೇ ತೆಗೆಯುತ್ತೇನೆ. ತೆಗೆದು ಇವರು ಕೂರುವ ಸೀಟಿನ ಮೇಲೇ ಇಡುತ್ತೇನೆ. ಅದರ ಮೇಲೇ ಕೂರಲಿ.

ಜುಲೈ 9, ಬುಧವಾರ, ಊಟದ ಹೊತ್ತು

ಅರ್ಧ ಮುಗಿಯಿತು. ಪೇಂಟಿನವರ ಕಿವಿ ಚೆನ್ನಾಗಿವೆ, ಹಾಳಾಗಿರುವುದು ಮೂಗು. ಒಬ್ಬರು ಬೂತಿನಲ್ಲಿ ನಿದ್ದೆ ಹೋದರು. ಇವರ ಶಿಫ್ಟು ಐದಕ್ಕೆ ಬಿಡುತ್ತದೆ. ಒಟ್ಟಿಗೆ ಮನೆಗೆ ಹೋಗಬಹುದು. ಕಲ್ಲು ನೆನಪಿದೆ.

ಜುಲೈ 14, ಸೋಮವಾರ

ಬರೆಯಬೇಕು. ಬರೆಯದಿದ್ದರೆ ಇದೇ ತಲೆಯಲ್ಲಿ ಸುತ್ತುತ್ತಿರುತ್ತದೆ.

ಐದು ಹೊಡೆಯಿತು. ಇಳಿದು ಹೋಗಿ ಕಲ್ಲು ತೆಗೆದೆ. ತಂದು ಇವರ ಸೀಟಿನ ಮೇಲಿಟ್ಟೆ. ನಗು ಬರುತ್ತಿತ್ತು. ವ್ಯಾನು ತಿರುಗಿಸಿ ಪ್ರೆಸ್ ಶಾಪಿನ ಬಾಗಿಲ ಹತ್ತಿರ ನಿಲ್ಲಿಸೋಣವೆಂದು ಎಂಜಿನ್ ಹಾಕಿದೆ. ಎರಡೂ ಕನ್ನಡಿ ನೋಡಿದೆ, ಯಾರೂ ಇಲ್ಲ. ರಿವರ್ಸ್ ಹಾಕಿದೆ. ಬೀಪ್ ಬೀಪ್ ಶುರುವಾಯಿತು. ವ್ಯಾನು ಇಳಿಯಿತು. ಏನೋ ತಡೆಯಿತು. ಕಲ್ಲೇನೋ ಎಂದುಕೊಂಡೆ... ಕಲ್ಲು ಪಕ್ಕದ ಸೀಟಿನಲ್ಲೇ ಇತ್ತು. ಕಣ್ಣೆದುರೇ ಇತ್ತು. ಆದರೂ ಕಲ್ಲು ಎಂದುಕೊಂಡು ಆಕ್ಸಿಲರೇಟರ್ ಒತ್ತಿದೆ.

ಹಾಡುಗಾರ ಗೇಟಿನಿಂದ ಓಡಿಬಂದು ವ್ಯಾನಿನ ಮೈಗೆ ಎರಡು ಕೈಯಲ್ಲೂ ಬಡಿದರು.

ಇವರು ಶಿಫ್ಟು ಬಿಟ್ಟು ಹಿಂದಿನಿಂದ ಬಂದಿದ್ದಾರೆ, ಕನ್ನಡಿಗೆ ಸಿಗದ ಕಡೆಯಿಂದ. ಎಂಜಿನ್ ಹೊಗೆ ಬಿಟ್ಟದ್ದು ಕಂಡಿದೆ. ಇವಳು ಕಲ್ಲು ಮರೆತಿರುತ್ತಾಳೆ ಎಂದು ಓಡಿಬಂದು, ಚಕ್ರದ ಹಿಂದೆ ಬಗ್ಗಿದ್ದಾರೆ. ಇಲ್ಲದ ಕಲ್ಲನ್ನು ಹುಡುಕುತ್ತಾ. ಬೀಪ್ ತಲೆಯ ಮೇಲೇ ಕೂಗುತ್ತಿತ್ತು. ಇಡೀ ಅಂಗಳಕ್ಕೆ ಕೇಳಿಸುತ್ತಿತ್ತು.

ಎಡಗಾಲು ಮೊಣಕಾಲಿನ ಕೆಳಗೆ ತೆಗೆದರು. ಶನಿವಾರ.

ಜುಲೈ 16, ಬುಧವಾರ, ಆಸ್ಪತ್ರೆಯ ಬೆಂಚು

ಸೇಫ್ಟಿ ಸಾಹೇಬರು ಹಣ್ಣು ತಂದಿದ್ದರು. ಚೀಲ ಕೆಳಗಿಟ್ಟು, ಹೊರಗೆ ಕರೆದು ಹೇಳಿದರು.

"ಬೇಜಾರು ಮಾಡ್ಕೋಬೇಡಿ ಮೇಡಂ. ಬೀಪ್ ಹೊಡೀತಿತ್ತು ಅಂತ ಎಲ್ಲರೂ ಹೇಳ್ತಾರೆ. ಇವರ ಕಿವಿ ಪೂರ್ತಿ ಸರಿ ಇದೆ ಅಂತ ನಿಮ್ಮದೇ ರಿಪೋರ್ಟು. ಕೇಳಿಸಿಯೂ ಹೋಗಿ ಬಗ್ಗಿದ್ರೆ ಕಂಪನಿ ಏನ್ ಮಾಡಕ್ಕಾಗತ್ತೆ? ಅವರನ್ನೂ ಕೇಳ್ದೆ. ಕೇಳಿಸ್ತು, ನಂದೇ ತಪ್ಪು ಅಂದ್ರು."

ಒಳಗೆ ಹೋದೆ. ಕೇಳಿದೆ. ಬಾಯಿ ದೊಡ್ಡದು ಮಾಡಿ, ನಿಧಾನವಾಗಿ.

"ಕೇಳಿಸ್ತು ಅಂದ್ರಾ?"

ತಲೆಯಾಡಿಸಿದರು. "ಕೇಳಿಸ್ಲಿಲ್ಲ ಅಂದ್ರೆ ಯಾಕೆ ಅಂತಾರೆ. ನಿನ್ನ ತನಕ ಬರ್ತಾರೆ. ಸುಳ್ಳು ರಿಪೋರ್ಟು ಕೊಟ್ಟು, ಕಿವುಡ ಅಂತ ಗೊತ್ತಿದ್ದೂ ಗಾಡಿ ಹತ್ತಿಸಿದ್ಲು ಅಂತಾರೆ. ನನ್ನ ಕಾಲು ಹೋಯ್ತು. ನಿನ್ನದೂ ಹೋದ್ರೆ ಮನೇಲಿ ನಡೆಯೋರು ಯಾರು? ನೀನು ಬಾಯಿ ಬಿಡಬೇಡ."

ಸಣ್ಣಗೆ ಹೇಳಿದೆನೆಂದು ಅವರ ಎಣಿಕೆ. ಅರ್ಧ ವಾರ್ಡಿಗೆ ಕೇಳಿಸಿತು. ತಮ್ಮ ದನಿ ತಮಗೇ ಕೇಳಿಸದವರು ಗುಟ್ಟು ಹೇಗೆ ಹೇಳುತ್ತಾರೆ?

ಜುಲೈ 18, ಶುಕ್ರವಾರ

ಹಾಡುಗಾರ ಬಂದು ಮಂಚದ ಹತ್ತಿರ ಕೂತಿದ್ದರು. ಹೋಗುವಾಗ "ಗದ್ದದ ವಿಷ್ಯ ನಾನೇನೂ ಹೇಳಲ್ಲ ಮೇಡಂ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಇದ್ದರು. ಈ ಒಂಬತ್ತು ದಿನ ನನ್ನ ಜೊತೆ ಮಾತಾಡಿಲ್ಲ. ಇವತ್ತು ಆಡಿದರು.

"ನನ್ನ ಮಗನಿಗೆ ಕಿವಿ ಕೇಳಲ್ಲ ಅಂತ ಈ ಬೀದಿಗೆ ಗೊತ್ತು, ಅಂಗಡಿಯವನಿಗೆ ಗೊತ್ತು. ನಿನ್ನ ಮೆಷೀನಿಗೆ ಒಂದಕ್ಕೇ ಗೊತ್ತಿಲ್ವೇನಮ್ಮ?"

ಅಳು ಬಂತು. ಅತ್ತೆ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಹೇಳಿದರು, "ಅವನು ಕಿವುಡ ಅಂತ ಬರೆದುಕೊಡು. ಕಿವಿ ಅಲ್ಲಿಗೇ ಕೊಟ್ಟ, ಕಾಲೂ ಅಲ್ಲೇ ಕೊಟ್ಟ. ಅವನದು ತಪ್ಪು ಅಂತ ಮಾತ್ರ ಆಗಬಾರದು."

ಜುಲೈ 21, ಸೋಮವಾರ, ಬೆಳಿಗ್ಗೆ

ಇವರ ಕಾಲಿಗೆ ಪರಿಹಾರ ಕೊಡುವ ಮೊದಲು ವಿಮೆಯವರು ಇನ್ನೊಂದು ಕಿವಿ ಟೆಸ್ಟು ಕೇಳಿದ್ದಾರೆ. ವ್ಯಾನು ಪೊಲೀಸ್ ಸ್ಟೇಷನ್ನಿನ ಮುಂದೆ ನಿಂತಿದೆ. ಡಾಕ್ಟರು ಹಳೇ ಪೆಟ್ಟಿಗೆಯನ್ನು ಹುಡುಕಿಸಿ ಕೊಟ್ಟರು, ಕಾರಿನಲ್ಲಿ ಒಯ್ಯುತ್ತಿದ್ದದ್ದು. ಬೇರೆಯವರು ಮಾಡಲಿ ಎಂದೆ. ಅದನ್ನು ನಡೆಸಿ ಗೊತ್ತಿರುವವಳು ನಾನೊಬ್ಬಳೇ. ಇವರೂ "ಅವಳೇ ಮಾಡ್ಲಿ" ಎಂದರಂತೆ. ಸೇಫ್ಟಿ ಸಾಹೇಬರು ಎದುರಿಗೇ ಇರುತ್ತಾರೆ, ವಾರ್ಡಿನ ನರ್ಸು ಸಾಕ್ಷಿ.

ಪಾಸಾದರೆ ನನ್ನ ರಿಪೋರ್ಟು ನಿಜವಾಗುತ್ತದೆ, ಇವರು ತಾವಾಗಿ ಕಾಲು ಕೊಟ್ಟವರಾಗುತ್ತಾರೆ. ಫೇಲಾದರೆ ನಾನು ಸುಳ್ಳಿ. ಕೆಲಸ ಹೋಗುತ್ತದೆ, ಕೇಸೂ ಆಗಬಹುದು. ಆದರೆ ಇವರ ಕಿವಿ ಕಂಪನಿಯ ಲೆಕ್ಕಕ್ಕೆ ಬರುತ್ತದೆ.

ತೀರ್ಮಾನ ಮಾಡಿದ್ದೇನೆ. ಇವರಿಗೆ ಬೆನ್ನು ಹಾಕಿ ಕೂರುತ್ತೇನೆ. ನರ್ಸು ಬೆರಳು ನೋಡಿ ಹೇಳಲಿ. ನನ್ನ ಗದ್ದ ಗೋಡೆಗೆ.

ಅದೇ ದಿನ, ಮಧ್ಯಾಹ್ನ, ಮೆಟ್ಟಿಲ ಮೇಲೆ

ಹೆಡ್‌ಫೋನ್ ಹಾಕುವಾಗ ಇವರ ಕಿವಿ ಬಿಸಿಯಾಗಿತ್ತು. "ಸದ್ದು ಕೇಳಿಸಿದ್ರೆ ಮಾತ್ರ ಎತ್ತಿ. ಕೇಳಿಸಿದ್ರೆ ಮಾತ್ರ" ಎಂದೆ. ತುಟಿ ಓದಿಕೊಂಡರು. ನಾನು ಕುರ್ಚಿಯನ್ನು ಗೋಡೆಗೆ ತಿರುಗಿಸಿದ್ದು ನೋಡಿ ಮುಖ ಬಿಳುಚಿತು. "ಏ... ಈ ಕಡೆ ತಿರುಗು" ಎಂದರು, ಜೋರಾಗಿ. ಸಾಹೇಬರು ಕೆಮ್ಮಿದರು. ನಾನು ತಿರುಗಲಿಲ್ಲ.

ಬಟನ್ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಎದುರಿನ ಗೋಡೆ ನೋಡುತ್ತಾ ಕೂತೆ.

ಹಿಂದಿನಿಂದ ನರ್ಸು, "ಬೆರಳು ಎತ್ತಿದ್ರು ಮೇಡಂ" ಎಂದರು.

ನಾನಿನ್ನೂ ಒತ್ತಿರಲಿಲ್ಲ.

"ಮತ್ತೆ ಎತ್ತಿದ್ರು" ಎಂದರು.

ಒತ್ತೀರಲ್ಲ ಹೇಗಿದ್ರೂ ಎಂದು ನಕ್ಕಿದ್ದರು ಆವತ್ತು, ಟೈಮ್‌ಕೀಪರ್ ರೂಮಿನಲ್ಲಿ. ಸಾಹೇಬರು ಪೆನ್ನು ತೆಗೆದರು. "ಕೇಳಿಸ್ತಿದೆ ಅಂತ ಬರ್ಕೊಳ್ಳಲಾ ಮೇಡಂ?" ಎಂದರು. ನಾನು ಬಟನ್‌ನಿಂದ ಕೈ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ, "ನಾನಿನ್ನೂ ಒತ್ತೇ ಇಲ್ಲ" ಎಂದೆ.